ಹದ ತಪ್ಪಿದ ಗಾಡಿ

ನಮ್ಮ ಮನೆಯ ಅಡುಗೆಮನೆಯ ಗೂಡಿನಲ್ಲಿ, ಏಲಕ್ಕಿ ಡಬ್ಬಿಯ ಪಕ್ಕ, ಒಂದು ಹಳೆಯ ಸ್ಪಾರ್ಕ್ ಪ್ಲಗ್ ಇದೆ. ಬಂದವರೆಲ್ಲ ಕೇಳುತ್ತಾರೆ, 'ಇದೇನು ಟೀಚರ್, ದೇವರ ಪಕ್ಕ ಇಡೋ ಹಾಗೆ ಇಟ್ಟಿದೀರಿ?' ಅಂತ. ನಾನು ನಕ್ಕು ಸುಮ್ಮನಾಗುತ್ತೇನೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಕತೆ ಅಲ್ಲ ಅದು. ಇವತ್ತು ಶಾಲೆಗೆ ರಜಾ, ಮನೆಯಲ್ಲಿ ಯಾರೂ ಇಲ್ಲ, ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಕೆಜಿಎಫ್ ಅಂತ ಎಲ್ಲರೂ ಕರೆಯುವ ಊರಿನಲ್ಲಿ. ಅಪ್ಪ ಮೊದಲು ಚಾಂಪಿಯನ್ ರೀಫ್ ಗಣಿಯಲ್ಲಿ ಭೂಮಿಯ ಒಳಗೆ ಕೆಲಸ ಮಾಡಿ, ಆಮೇಲೆ ವರ್ಕ್‌ಶಾಪಿಗೆ ಫಿಟ್ಟರ್ ಆಗಿ ಬಂದವರು. ಭೂಮಿಯ ಒಳಗೆ ಅಂದರೆ ಬಾವಿಯಷ್ಟು ಆಳ ಅಂದುಕೊಳ್ಳಬೇಡಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿದ್ದ ಗಣಿ. ಅಲ್ಲಿನ ಕಲ್ಲಿನ ಧೂಳನ್ನು ಅಪ್ಪ ಎದೆಯೊಳಗೆ ತುಂಬಿಕೊಂಡೇ ಮೇಲೆ ಬಂದಿದ್ದರು. ಅದು ನಮಗೆ ಗೊತ್ತಾದದ್ದು ಅವರು ರಿಟೈರ್ ಆದ ಎಷ್ಟೋ ವರ್ಷಗಳ ಮೇಲೆ.

2001ರಲ್ಲಿ ಗಣಿ ಮುಚ್ಚಿತು. ಒಂದು ನೂರ ಇಪ್ಪತ್ತು ವರ್ಷ ನಡೆದ ಗಣಿ ಫೆಬ್ರವರಿ ಮುಗಿಯುವ ಹೊತ್ತಿಗೆ ಮುಗಿದೇ ಹೋಯಿತು. ಆಫೀಸರುಗಳೆಲ್ಲ ಬಂಗಲೆ ಖಾಲಿ ಮಾಡಿ ಊರು ಬಿಡುವಾಗ ಮಂಚ, ಬೀರು, ಗುಲಾಬಿ ಕುಂಡ ಎಲ್ಲವನ್ನೂ ಬಂದ ಬೆಲೆಗೆ ಮಾರಿದರು. ಹಾಗೆ ಒಬ್ಬರು ಮಾರಿದ 1986ರ ಪ್ರೀಮಿಯರ್ ಪದ್ಮಿನಿಯನ್ನು ಅಪ್ಪ ಕೊಂಡು ತಂದರು. ಊರಲ್ಲಿ ಅದನ್ನು ಪದ್ಮಿನಿ ಅಂತ ಯಾರೂ ಕರೆಯುವುದಿಲ್ಲ, ಫಿಯೆಟ್ ಅಂತಲೇ ಹೆಸರು. ಅಮ್ಮ ಕೋಪದಿಂದ ಮೂರು ದಿನ ಮಾತು ಬಿಟ್ಟರು. 'ಗಣಿಯೇ ಮುಚ್ಚಿಹೋಯ್ತು, ಈ ಕಬ್ಬಿಣದ ಎಮ್ಮೆ ಯಾಕೆ?' ಅಂತ ಅವರ ವಾದ. ಅಪ್ಪ ಮಾತ್ರ, 'ಮುಂದೆ ಬೇಕಾಗುತ್ತೆ' ಅಂದರು, ಅಷ್ಟೇ. ಸೈನೈಡ್ ದಿಬ್ಬದ ಪಕ್ಕದ ಬಯಲಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಆಗ ನನಗೆ ಮೂವತ್ತೆರಡು ವರ್ಷ, ಒಂದನೇ ಕ್ಲಾಸಿನ ಮಗ ಹಿಂದಿನ ಸೀಟಿನಲ್ಲಿ ಕೂತು ನಗುತ್ತಿದ್ದ.

ಮುಂದೆ ಬೇಕಾದದ್ದು ನಿಜ. 2003ರ ಹೊತ್ತಿಗೆ ಅಪ್ಪನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೆಂಗಳೂರಿನ ಎದೆ ಡಾಕ್ಟರಲ್ಲಿಗೆ ತಿಂಗಳಿಗೊಮ್ಮೆ ಹೋಗಬೇಕು. ಮಾರಿಕುಪ್ಪಂನಿಂದ ಬೆಳಗಿನ ರೈಲು ಇದೆ. ಆದರೆ ಗಣಿ ಮುಚ್ಚಿದ ಮೇಲೆ ಊರಿನ ಗಂಡಸರೆಲ್ಲ ಕೆಲಸಕ್ಕೆ ಬೆಂಗಳೂರಿಗೇ ಹೋಗುವವರು, ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಯಜಮಾನರೂ ಅದೇ ರೈಲಿನವರೇ, ಹೋಗುವಾಗ ನಕ್ಷತ್ರ, ಬರುವಾಗಲೂ ನಕ್ಷತ್ರ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಿಸೋಣವೆಂದರೆ ಮೇಲ್ಸೇತುವೆಯ ಮೆಟ್ಟಿಲು ಅಪ್ಪನಿಗೆ ಹಿಮಾಲಯ. ಹಾಗಾಗಿ ಫಿಯೆಟ್ಟೇ ಗತಿ. ಓಡಿಸುವವಳು ನಾನೇ.

ಆ ಏಪ್ರಿಲ್‌ನಲ್ಲಿ, ಡಾಕ್ಟರ ಹತ್ತಿರ ಹೋಗಲು ನಾಲ್ಕು ದಿನ ಇದೆ ಅನ್ನುವಾಗ, ಗಾಡಿ ಹಟ ಹಿಡಿಯಿತು. ಬೆಳಿಗ್ಗೆ ಚೋಕ್ ಎಳೆದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿದರೆ ನಿಂತಲ್ಲೇ ನಡುಗಿ ಆರಿಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಯೋಚನೆ ಮಾಡಿ, ಕಾರ್ಬ್ಯುರೇಟರಿನಿಂದ 'ಫಟ್' ಅಂತ ಸೀನುತ್ತದೆ. ಚೋಕ್ ಅರ್ಧ ಎಳೆದಿಟ್ಟುಕೊಂಡರೆ ಮಾತ್ರ ಮರ್ಯಾದೆಯಿಂದ ಓಡುತ್ತದೆ. ನಾನು ಹಾಗೇ ಓಡಿಸಿಕೊಂಡಿದ್ದೆ. ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಗಾಡಿ ಒಂಬತ್ತಕ್ಕೆ ಇಳಿಯಿತು.

ಮೆಕ್ಯಾನಿಕ್ ಹುಡುಗನನ್ನು ಕರೆಸಿದೆವು. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಮೈಲೇಜ್ ಕೇಳಿದ, ಒಂದು ಪ್ಲಗ್ ಬಿಚ್ಚಿದ. ಪ್ಲಗ್ಗಿನ ಮೂತಿ ಕಾಡಿಗೆಯ ಹಾಗೆ ಕಪ್ಪಗಿತ್ತು. 'ಪೆಟ್ರೋಲ್ ಜಾಸ್ತಿ ಹೋಗ್ತಿದೆ ಟೀಚರ್' ಅಂದವನೇ ಕಾರ್ಬ್ಯುರೇಟರಿನ ಸ್ಕ್ರೂ ಒಂದನ್ನು ಒಳಗೆ ತಿರುಗಿಸಿದ. ಗಾಡಿ ಇನ್ನೂ ಕೆಟ್ಟಿತು. ಮಾರನೆಯ ದಿನ ಬಂದು, ಕಾರ್ಬ್ಯುರೇಟರೇ ಹೋಗಿದೆ, ಹೊಸದು ಹಾಕಬೇಕು, ಕೆಲವು ಸಾವಿರ ಆಗುತ್ತೆ, ಬೆಂಗಳೂರಿಂದ ತರಿಸಲು ಒಂದು ವಾರ ಬೇಕು ಅಂದ. ದುಡ್ಡೂ ಇರಲಿಲ್ಲ, ವಾರವೂ ಇರಲಿಲ್ಲ.

ಅವನು ಹೋದ ಮೇಲೆ ಅಪ್ಪ ವರಾಂಡದ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು:

'ಅಮ್ಮಣ್ಣಿ, ಆ ಪ್ಲಗ್ ಬಿಚ್ಚೋಕೆ ಮುಂಚೆ ಗಾಡಿ ಹೇಗೆ ಓಡ್ಸಿದ್ದೆ?'

'ಚೋಕ್ ಎಳೆದುಕೊಂಡೇ ಅಪ್ಪ.'

'ಸಕ್ಕರೆ ಹಾಕ್ಕೊಂಡು ಕಾಫಿ ಕಹಿ ಇದೆಯಾ ಅಂತ ನೋಡಿದ ಹಾಗಾಯ್ತು. ಚೋಕ್ ಎಳೆದ್ರೆ ಯಾವ ಪ್ಲಗ್ಗಾದ್ರೂ ಕಪ್ಪಗೇ ಆಗುತ್ತೆ. ಉತ್ತರ ಸರಿ, ಪ್ರಶ್ನೆ ತಪ್ಪು.'

ನಾನು ಬಿ.ಎ., ಬಿ.ಎಡ್. ಮಾಡಿದವಳು. ಮಕ್ಕಳ ಲೆಕ್ಕ ತಿದ್ದುವಾಗ ಉತ್ತರಕ್ಕೆ ಅಡ್ಡಗೀಟು ಎಳೆದು ಬಿಡುವುದಲ್ಲ, ಯಾವ ಹಂತದಲ್ಲಿ ತಪ್ಪಿದ್ದಾನೆ ಅಂತ ಹುಡುಕಬೇಕು ಅಂತ ನಮಗೆ ಕಲಿಸಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಪ್ಪ ಅದನ್ನೇ ಹೇಳುತ್ತಿದ್ದರು. ನನಗೆ ನಾಚಿಕೆಯೂ ಆಯಿತು, ಹುಮ್ಮಸ್ಸೂ ಬಂತು. ಕಲಿಸಿ ಅಂದೆ. ಅವರಿಗೆ ಬಗ್ಗಿ ಕೆಲಸ ಮಾಡುವ ಶಕ್ತಿ ಇರಲಿಲ್ಲ. ಬುದ್ಧಿ ಅವರದು, ಕೈ ನನ್ನದು ಅಂತ ಒಪ್ಪಂದವಾಯಿತು.

ಮೊದಲನೆಯ ಪಾಠ ಮುದ್ದೆಯಿಂದ ಶುರುವಾಯಿತು. ನಮ್ಮ ಕೋಲಾರದ ಕಡೆ ಮುದ್ದೆ ತಿರುವಲು ಬಾರದ ಹೆಂಗಸು ಹೆಂಗಸೇ ಅಲ್ಲ. ಹಿಟ್ಟು ಹೆಚ್ಚಾದರೆ ಗಂಟು, ನೀರು ಹೆಚ್ಚಾದರೆ ಅಂಬಲಿ. ಎಂಜಿನ್ನಿಗೂ ಹಾಗೇ ಒಂದು ಹದ ಇದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಕಡಿಮೆ ಅನ್ನಿಸುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಲೆಕ್ಕ ಹಾಕಿದರೆ ಒಂಬತ್ತು ಹತ್ತು ಸಾವಿರ ಲೀಟರ್ ಗಾಳಿ! ಈ ಲೆಕ್ಕವನ್ನು ನಾನು ಆಮೇಲೆ ಪುಸ್ತಕ ನೋಡಿ ಮಾಡಿದೆ. ಅಪ್ಪನಿಗೆ ಅಂಕಿ ಬೇಕಿರಲಿಲ್ಲ. 'ಗಾಡಿ ಕುಡಿಯೋದು ಪೆಟ್ರೋಲ್ ಅಂತಾರೆ. ನಿಜವಾಗಿ ಅದು ಬದುಕೋದು ಗಾಳಿ ಮೇಲೆ' ಅಂದರು.

ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್ಗಿನ ಮೇಲೆ ಒಣ ಮಸಿ. ಗಾಳಿ ಸಾಲದ ಸೀಮೆಎಣ್ಣೆ ಸ್ಟವ್ ಹಳದಿಯಾಗಿ ಉರಿದು ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತದಲ್ಲ, ಅದೇ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಎಂಜಿನ್ ತಡವರಿಸುತ್ತದೆ, ಸೀನುತ್ತದೆ, ಕಾಯುತ್ತದೆ. ಪ್ಲಗ್ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಎರಡೂ ಸಮವಾಗಿದ್ದರೆ ಪ್ಲಗ್ಗಿಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ.

ಮೊದಲು ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಬೆಳಕು ಕಾಣುತ್ತಿತ್ತು, ಕಟ್ಟಿಕೊಂಡಿರಲಿಲ್ಲ. ಮೆಕ್ಯಾನಿಕ್ ತಿರುಗಿಸಿದ್ದ ಸ್ಕ್ರೂವನ್ನು ಎಷ್ಟು ಸುತ್ತು ಅಂತ ಎಣಿಸುತ್ತಾ ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಮತ್ತೆ ಒಂದೂವರೆ ಸುತ್ತು ಹೊರಗೆ ತಂದೆ. 'ಬಿಗಿಯಾಗಿ ಒತ್ತಬೇಡ, ತುದಿ ಕೆಡುತ್ತೆ' ಅಂತ ಕುರ್ಚಿಯಿಂದ ಎಚ್ಚರಿಕೆ ಬಂತು. ನಾಲ್ಕೂ ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬೆಳಗಿ, ಹಿತ್ತಾಳೆ ಚೊಂಬಿನ ಹಾಗೆ ಮಾಡಿ ಹಾಕಿದೆ.

ಮಾರನೆಯ ಬೆಳಿಗ್ಗೆ ಬಂಗಾರಪೇಟೆ ರಸ್ತೆಯಲ್ಲಿ ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ ಚೋಕ್ ಮುಟ್ಟಕೂಡದು ಅಂತ ಆಜ್ಞೆ. ಗಾಡಿ ಕೆಮ್ಮುತ್ತಾ ಹೊರಟಿತು. ಪಕ್ಕದಲ್ಲಿ ಅಪ್ಪನೂ ಕೆಮ್ಮುತ್ತಿದ್ದರು. ಆದರೆ ಒಂದು ವಿಚಿತ್ರ ಗಮನಿಸಿದೆ. ನಿಂತಾಗ, ನಿಧಾನವಾಗಿ ಹೋಗುವಾಗ ಪ್ರಾಣ ಬಿಡುವ ಗಾಡಿ, ಐವತ್ತು ಮುಟ್ಟಿದ ಮೇಲೆ ಹೆಚ್ಚುಕಡಿಮೆ ಸರಿಯಾಗಿಯೇ ಓಡುತ್ತಿತ್ತು. ಅಪ್ಪನಿಗೆ ಹೇಳಿದಾಗ ಅವರ ಕಣ್ಣು ಹೊಳೆಯಿತು. ಏನೂ ಹೇಳಲಿಲ್ಲ. ಖಾಲಿ ರಸ್ತೆ ನೋಡಿ, ಕ್ಲಚ್ ಒತ್ತಿ, ಆ ವೇಗದಲ್ಲೇ ಎಂಜಿನ್ ಆರಿಸಿ, ಬದಿಗೆ ನಿಲ್ಲಿಸಿದೆ. ಹಾಗೇ ನಿಲ್ಲಿಸಿ ಆರಿಸಿದರೆ, ನಿಂತ ಗಳಿಗೆಯ ಬಣ್ಣ ಪ್ಲಗ್ಗಿಗೆ ಕೂತುಬಿಡುತ್ತದಂತೆ. (ಈಗಿನ ಕಾರುಗಳಲ್ಲಿ ಓಡುತ್ತಾ ಎಂಜಿನ್ ಆರಿಸಬೇಡಿ. ಸ್ಟಿಯರಿಂಗೂ ಬ್ರೇಕೂ ಗಟ್ಟಿಯಾಗುತ್ತವೆ. ನಮ್ಮ ಫಿಯೆಟ್ಟಿನಲ್ಲಿ ಅವು ಮೊದಲೇ ಗಟ್ಟಿ.)

ಸ್ವಲ್ಪ ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಬಿಳಿ. ಮಸಿಯ ಹೆಸರೇ ಇಲ್ಲ.

'ಈಗ ಹೇಳು ಟೀಚರಮ್ಮ' ಅಂದರು ಅಪ್ಪ.

ನಾನು ರಸ್ತೆಬದಿಯ ಹುಣಸೆಮರದ ಕೆಳಗೆ ಬೋರ್ಡಿನ ಮುಂದೆ ನಿಂತ ಹುಡುಗಿಯ ಹಾಗೆ ಲೆಕ್ಕ ಬಿಡಿಸಿದೆ. ಬಿಳಿ ಅಂದರೆ ಪೆಟ್ರೋಲು ಹೆಚ್ಚಲ್ಲ, ಗಾಳಿ ಹೆಚ್ಚು. ಮೈಲೇಜ್ ಇಳಿದದ್ದು ರೋಗದಿಂದಲ್ಲ, ನಾನು ಮಾಡಿದ ಔಷಧದಿಂದ, ಅಂದರೆ ಚೋಕಿನಿಂದ. ನಾಲ್ಕೂ ಒಂದೇ ಬಣ್ಣ ಅಂದರೆ ತಪ್ಪು ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ. ಮುಂದಕ್ಕೆ ಹೊಳೆಯಲಿಲ್ಲ. ಅಪ್ಪ ಕೈ ಹಿಡಿದು ದಾಟಿಸಿದರು. ಪೆಟ್ರೋಲೇ ಸರಿಯಾಗಿ ಬರುತ್ತಿಲ್ಲವಾದರೆ ಜೋರಾಗಿ ಓಡುವಾಗ ಕಷ್ಟ ಹೆಚ್ಚಾಗಬೇಕು, ಯಾಕೆಂದರೆ ಆಗಲೇ ಹೆಚ್ಚು ಬೇಕು. ನಮ್ಮದು ತಿರುಗುಮುರುಗು. ನಿಂತಾಗ ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ಗುಟುಕು. ಅದರ ಜೊತೆ ಸಂದಿಯಿಂದ ಇನ್ನೊಂದು ಗುಟುಕು ಕಳ್ಳಗಾಳಿ ನುಗ್ಗಿದರೆ ಹದ ಪೂರ್ತಿ ಕೆಡುತ್ತದೆ. ಜೋರಾಗಿ ಓಡುವಾಗ ಗಾಳಿ ಕೊಡಗಟ್ಟಲೆ ಹೋಗುತ್ತದೆ, ಅದರಲ್ಲಿ ಒಂದು ಗುಟುಕು ಲೆಕ್ಕಕ್ಕಿಲ್ಲ.

'ಎಲ್ಲೋ ಗಾಳಿ ಸೋರ್ತಾ ಇದೆ' ಅಂದೆ.

'ಸೋರ್ತಾ ಇಲ್ಲ, ಒಳಗೆ ಕಳ್ಳತನ ಮಾಡ್ತಾ ಇದೆ. ಮನೆಗೆ ನಡಿ, ಹಿಡಿಯೋಣ.'

ಕಳ್ಳನನ್ನು ಹಿಡಿಯುವ ಸಲಕರಣೆ ಅಡುಗೆಮನೆಯಲ್ಲಿತ್ತು. ಬಟ್ಟೆ ಸೋಪಿನ ನೀರು ಒಂದು ಲೋಟ, ಮಗನ ಪೇಂಟಿಂಗ್ ಬ್ರಷ್ ಒಂದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸಿ ಸೋರಿಕೆ ಹುಡುಕುವವರೂ ಇದ್ದಾರೆ. ಅಪ್ಪ ಅಂಥವರನ್ನು ಬಾಯಿತುಂಬ ಬೈಯುತ್ತಿದ್ದರು. ಸೋಪಿನ ನೀರು ಸುಡುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಫ್ಯಾನು, ಬೆಲ್ಟಿಗೆ ಸೆರಗು ಸಿಕ್ಕದಂತೆ ಬಿಗಿಯಾಗಿ ಸಿಕ್ಕಿಸಿಕೊಂಡು, ಬಳೆ ತೆಗೆದಿಟ್ಟು ಬಾ ಅಂದರು.

ಗಾಡಿ ತಗಡಿನ ಶೆಡ್ಡಿನಲ್ಲಿತ್ತು. ಎಂಜಿನ್ ಓಡುತ್ತಿರಬೇಕು. ಅಪ್ಪ ಕುರ್ಚಿ ಎಳೆದುಕೊಂಡು ಶೆಡ್ಡಿನೊಳಗೇ ಬಂದು ಕೂತರು. ಶಬ್ದ ಹತ್ತಿರದಿಂದ ಕೇಳಬೇಕಂತೆ. ನನಗೆ ಆಗ ಏನೋ ಆಯಿತು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಗಟ್ಟಿಮುಟ್ಟಾದವರನ್ನೇ ಕೊಲ್ಲುತ್ತದೆ ಅಂತ ಮಕ್ಕಳಿಗೆ ಪಾಠ ಮಾಡುವವಳು ನಾನು. ಅಪ್ಪನ ಎದೆಯಲ್ಲಿ ಉಳಿದದ್ದೇ ಕಾಲು ಭಾಗ ಜಾಗ.

'ನೀವು ಏಳಿ, ಹೊರಗೆ ಹೋಗಿ' ಅಂದೆ.

'ಐದು ನಿಮಿಷದ ಕೆಲಸ ಅಮ್ಮಣ್ಣಿ.'

'ಮದ್ದು ಹಾರಿಸಿದ ಮೇಲೆ ಹೊಗೆ ಹೋಗೋವರೆಗೂ ಒಳಗೆ ಕಾಲಿಡಬಾರದು ಅಂತ ನೀವೇ ಹೇಳ್ತಿದ್ರಲ್ಲಪ್ಪ? ಮೇಲ್ಗಡೆ ಆದ್ರೆ ಆ ರೂಲ್ ಇಲ್ವಾ?'

ಅಪ್ಪ ನನ್ನ ಮುಖವನ್ನೇ ನೋಡಿದರು. ಅದುವರೆಗೆ ನಾನು ಅವರಿಗೆ ಎದುರಾಡಿದವಳಲ್ಲ. ನಿಧಾನವಾಗಿ ಎದ್ದು, ಕುರ್ಚಿಯ ಹಿಡಿಯನ್ನು ಹಿಡಿದು ಒಂದು ಗಳಿಗೆ ಉಸಿರು ತೆಗೆದುಕೊಂಡು, 'ಗಾಡಿಗೆ ಗಾಳಿ ಜಾಸ್ತಿ, ನನಗೆ ಕಮ್ಮಿ. ಇಬ್ಬರನ್ನೂ ಕೂಡಿಸಿ ಎರಡು ಭಾಗ ಮಾಡಿದ್ರೆ ಸರಿಹೋಗ್ತಿತ್ತು' ಅಂದು ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದ ಮನೆಯ ಹುಡುಗರನ್ನು ಕರೆದು ಗಾಡಿಯನ್ನೇ ಅಂಗಳಕ್ಕೆ ತಳ್ಳಿಸಿದೆ. ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ಬಾರದ ಕಡೆ ಅಪ್ಪನ ಕುರ್ಚಿ ಹಾಕಿಸಿದೆ.

ಎಂಜಿನ್ ನಡುಗುತ್ತಾ ಓಡುತ್ತಿತ್ತು. ಬ್ರಷ್ ಅದ್ದಿ, ರಂಗೋಲಿಯ ಎಳೆ ಎಳೆಯುವ ಹಾಗೆ, ಒಂದೊಂದೇ ಸಂದಿಗೆ ಸೋಪಿನ ನೀರು ಹಚ್ಚಿದೆ. ರಬ್ಬರ್ ಪೈಪುಗಳು, ಏನೂ ಇಲ್ಲ. ಕಾರ್ಬ್ಯುರೇಟರ್ ಕೂರುವ ಬುಡದ ಮುಂಭಾಗ, ಏನೂ ಇಲ್ಲ. ಬುಡದ ಹಿಂಭಾಗಕ್ಕೆ ಹಚ್ಚಿದ ಕೂಡಲೇ ನೊರೆ 'ಸುರ್' ಅಂತ ಒಳಗೆ ಮಾಯವಾಯಿತು. ಎಂಜಿನ್ನಿನ ದನಿಯೇ ಬದಲಾಯಿತು. ನಡುಕ ಒಂದು ಕ್ಷಣ ನಿಂತು, ನೀರು ಆರಿದೊಡನೆ ಮತ್ತೆ ಶುರು. ಇನ್ನೊಂದು ಸಲ ಹಚ್ಚಿದೆ. ಮತ್ತೆ ಹಾಗೇ.

ಅಂಗಳದ ಆ ತುದಿಯಿಂದ ಅಪ್ಪ ಕೈ ಮೇಲೆತ್ತಿದರು. ಅಷ್ಟು ದೂರದಿಂದಲೇ ಅವರಿಗೆ ಕೇಳಿಸಿತ್ತು.

ಕಾರ್ಬ್ಯುರೇಟರಿನ ಬುಡದ ಒಂದು ನಟ್ ಸಡಿಲವಾಗಿ, ಕೆಳಗಿನ ಪ್ಯಾಕಿಂಗ್ ಹರಿದಿತ್ತು, ಅಷ್ಟೇ. ಎಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿದೆ. ರಾಬರ್ಟ್‌ಸನ್ ಪೇಟೆಯ ಅಂಗಡಿಯಿಂದ ಪ್ಯಾಕಿಂಗ್ ಶೀಟ್ ತರಿಸಿದ್ದಾಯಿತು. ಹಳೆಯದನ್ನು ಅದರ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗೀಚಿ ಕತ್ತರಿಸಿದವರು ಅಪ್ಪನೇ. ರವಿಕೆ ಕತ್ತರಿಸುವ ನನ್ನ ಕತ್ತರಿಯಲ್ಲಿ. ಆ ಕೈ ಮಾತ್ರ ಒಂದಿಷ್ಟೂ ನಡುಗಲಿಲ್ಲ. ಎರಡೂ ನಟ್ಟುಗಳನ್ನು ಒಂದಷ್ಟು ಇದು, ಒಂದಷ್ಟು ಅದು ಅಂತ ಸಮವಾಗಿ ಬಿಗಿ ಮಾಡಿದೆ. ಕೊನೆಗೆ ಎಂಜಿನ್ ಬಿಸಿ ಮಾಡಿ, ಅತ್ಯಂತ ನಯವಾಗಿ ಓಡುವ ಜಾಗ ಸಿಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದೆ. ಅಮ್ಮ ಒಳಗಿಂದ ಬಂದು, 'ಎಮ್ಮೆ ಈಗ ಮೆಲುಕು ಹಾಕ್ತಿದೆ' ಅಂದರು. ಅದು ಆ ಗಾಡಿಗೆ ಅವರು ಕೊಟ್ಟ ಮೊದಲ ಸರ್ಟಿಫಿಕೇಟು.

ಖರ್ಚು ಲೆಕ್ಕ ಹಾಕಿದರೆ ನೂರು ರೂಪಾಯಿಯೂ ಆಗಿರಲಿಲ್ಲ.

ನಾಲ್ಕನೆಯ ದಿನ ಬೆಳಗಿನ ನಾಲ್ಕೂವರೆಗೆ ಹೊರಟೆವು. ಬಂಗಾರಪೇಟೆ, ಕೋಲಾರ, ಹೊಸಕೋಟೆ, ಆಮೇಲೆ ಬೆಂಗಳೂರು. ಗಾಡಿ ಒಂದು ಸಲವೂ ಸೀನಲಿಲ್ಲ. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ನಾನು ಏರ್ ಫಿಲ್ಟರನ್ನು ಹಿಡಿದು ನೋಡಿದ ಹಾಗೆಯೇ. ಇಲ್ಲಿ ಮಾತ್ರ ಕಪ್ಪಗೆ ಕಾಣಬೇಕಾದ ಕಡೆಯೆಲ್ಲ ಬಿಳಿ ಚುಕ್ಕಿ ಚುಕ್ಕಿ. ಸಿಲಿಕೋಸಿಸ್ ಅಂದರು. ಕಲ್ಲಿನ ಧೂಳು ಮಾಡಿದ ಗಾಯ. ಅದನ್ನು ತೊಳೆದು ತೆಗೆಯಲು ಬರುವುದಿಲ್ಲ, ಇರುವ ಉಸಿರನ್ನು ಜೋಪಾನ ಮಾಡಿಕೊಳ್ಳಬೇಕು, ಹೊಗೆ ಧೂಳಿನಿಂದ ದೂರ ಇಡಿ ಅಂದರು. ಶೆಡ್ಡಿನ ಕುರ್ಚಿ ನೆನಪಾಗಿ ನನ್ನ ಮೈ ಜುಮ್ಮೆಂದಿತು.

ವಾಪಸ್ಸು ಬರುವಾಗ ಸಂಜೆ ಬಂಗಾರಪೇಟೆಯಲ್ಲಿ ನಿಲ್ಲಿಸು ಅಂದರು ಅಪ್ಪ. ಅಲ್ಲಿನ ಪಾನಿಪೂರಿಯ ನೀರು ತಿಳಿಯಾಗಿ ಬೆಳ್ಳಗಿರುತ್ತದೆ, ಖಾರ ಮಾತ್ರ ನೆತ್ತಿಗೇರುತ್ತದೆ. ಅಪ್ಪ ಎರಡೇ ತಿಂದರು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದರು, ನಾನೂ ಖಾರಕ್ಕೇ ಅಂದುಕೊಂಡೆ.

ಅಪ್ಪ ಇನ್ನು ಮೂರು ವರ್ಷ ಇದ್ದರು. ಪ್ರತಿ ತಿಂಗಳೂ ಹೋದೆವು. ಫಿಯೆಟ್ ಒಂದು ದಿನವೂ ದಾರಿಯಲ್ಲಿ ಕೈ ಬಿಡಲಿಲ್ಲ. ಅವರು ಹೋದ ಮೇಲೆ ಅದನ್ನು ಮಾರಿದೆವು. ಮಾರುವ ಮುಂಚೆ ಒಂದು ಪ್ಲಗ್ ಬಿಚ್ಚಿ ಹೊಸದು ಹಾಕಿ ಕೊಟ್ಟೆ. ಕೊಂಡವರಿಗೆ ಲಾಭವೇ.

ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಚೋಕ್ ಇಲ್ಲ. ಹೊಗೆ ಹೋಗುವ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತು ಹದ ನೋಡುತ್ತದೆ, ಕಂಪ್ಯೂಟರ್ ಪೆಟ್ರೋಲು ಅಳೆದು ಬಡಿಸುತ್ತದೆ. ಹದ ತಪ್ಪಿದರೆ ಮುಂದೆ ಹಳದಿ ದೀಪ ಹತ್ತುತ್ತದೆ. ಹೋದ ವರ್ಷ ನನ್ನ ಗಾಡಿಯಲ್ಲೂ ಹತ್ತಿತು. ಯಂತ್ರ ಸಿಕ್ಕಿಸಿ ನೋಡಿದ ಮೆಕ್ಯಾನಿಕ್, ಗಾಳಿ ಹೆಚ್ಚು ಅಂತ ಕೋಡ್ ಬಂದಿದೆ, ಸೆನ್ಸರ್ ಬದಲಿಸಿಬಿಡೋಣ ಮೇಡಂ ಅಂದ. ಕೋಡ್ ಹೇಳುವುದು ಎಲ್ಲಿ ನೋವು ಅಂತ ಮಾತ್ರ, ಯಾವ ಭಾಗ ಬದಲಿಸಬೇಕು ಅಂತ ಅಲ್ಲ. 'ಸೆನ್ಸರ್ ಸುಳ್ಳು ಹೇಳ್ತಿದೆಯೋ, ಅದಕ್ಕೆ ಯಾರಾದ್ರೂ ಸುಳ್ಳು ಹೇಳ್ತಿದಾರೋ, ಮೊದಲು ನೋಡಪ್ಪ' ಅಂದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟೆವು. ಟಿಕ್ ಟಿಕ್ ಅಂತ ಸಣ್ಣ ಸದ್ದು. ಸೆನ್ಸರಿಗಿಂತ ಮುಂಚಿನ ಎಕ್ಸಾಸ್ಟ್ ಕೀಲಿನಲ್ಲಿ ಮಸಿಯ ಗುರುತು. ಅಲ್ಲಿಂದ ಹೊರಗಿನ ಗಾಳಿ ಸೇರಿ ಸೆನ್ಸರಿನ ಕಣ್ಣಿಗೆ ಮಣ್ಣೆರಚುತ್ತಿತ್ತು. ಪ್ಯಾಕಿಂಗ್ ಬದಲಿಸಿದ, ದೀಪ ಆರಿತು.

'ಎಲ್ಲಿ ಕಲಿತ್ರಿ ಮೇಡಂ?' ಅಂದ ಹುಡುಗ.

'ನಮ್ಮಪ್ಪನ ಶಾಲೇಲಿ' ಅಂದೆ.

ಗೂಡಿನಲ್ಲಿರುವ ಪ್ಲಗ್ ಅದೇ. ಮಾರುವ ದಿನ ಬಿಚ್ಚಿದಾಗ ಅದರ ಮೂತಿ ಕಪ್ಪಗೂ ಇರಲಿಲ್ಲ, ಬೆಳ್ಳಗೂ ಇರಲಿಲ್ಲ. ಇವತ್ತಿಗೂ ಹಾಲು ಹೆಚ್ಚಾದ ಕಾಫಿಯ ಬಣ್ಣ. ಧೂಳು ಒರೆಸುವಾಗ ಮೂತಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ.